ಪೆಲ್ಹಮ್ ಫೆರಿಗೆ ಕೋಚನ್ನು ತರಬೇಕಿದ್ದ ವಿಮಾನಕ್ಕೆ

ಅರ್ಕನ್ಸಾದ ಬ್ರಿಂಕ್ಟನ್ ಊರಿನ ತಗಡಿನ ಶೆಡ್ಡಿನಲ್ಲಿ ವಾಸವಾಗಿರುವ, ಎರಡು ಎಂಜಿನ್ನುಗಳಿಂದಲೂ ಬಾಲದ ಮೇಲಿನ ನೀಲಿ ಪಟ್ಟೆಯಿಂದಲೂ ಶೋಭಿಸುತ್ತಿರುವ ವಿಮಾನ ಮಹಾಶಯರ ಸನ್ನಿಧಿಗೆ, ಮಿಸಿಸಿಪಿಯ ಪೆಲ್ಹಮ್ ಫೆರಿಯಲ್ಲಿ ಹೂವಿನಂಗಡಿ ಇಟ್ಟುಕೊಂಡಿರುವ ಮರ್ಲೀನ್ ಗಾಡ್‌ಬೋಲ್ಡ್ ಎಂಬವಳು ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ಮೊನ್ನೆಯ ಗುಡುಗುಮಳೆಯಲ್ಲಿ ತಮ್ಮ ರೆಕ್ಕೆಗಳಿಗೆ ಯಾವ ತೊಂದರೆಯೂ ಆಗಲಿಲ್ಲವೆಂದೂ ನಂಬಿದ್ದೇನೆ. ನಂಬುವುದೇನು, ಗೊತ್ತೇ ಇದೆ. ತಾವು ಯಾವ ಹೊತ್ತಿನಲ್ಲಿ ಎಷ್ಟು ಎತ್ತರದಲ್ಲಿ ಎತ್ತ ಮುಖ ಮಾಡಿದ್ದೀರೆಂಬುದು ಈ ಬೇಸಿಗೆಯಲ್ಲಿ ನಮ್ಮೂರಿನವರ ಮೊಬೈಲುಗಳಲ್ಲಿ, ವಿಮಾನಗಳ ಜಾಡು ತೋರಿಸುವ ನಕ್ಷೆಯ ಮೇಲೆ, ಪುಟ್ಟ ಹಳದಿ ಬೊಂಬೆಯಾಗಿ ಓಡಾಡುತ್ತಿತ್ತು. ಹೆಂಡತಿಯ ಹುಟ್ಟಿದ ದಿನ ನೆನಪಿಲ್ಲದ ಗಂಡಸರಿಗೂ ತಮ್ಮ ಬಾಲದ ಮೇಲಿನ ಸಂಖ್ಯೆ ಬಾಯಿಪಾಠವಾಗಿತ್ತು. ಇಷ್ಟು ಅಕ್ಕರೆಯನ್ನು ನಾವು ನಮ್ಮ ಮಕ್ಕಳ ಮೇಲೂ ತೋರಿಸಿದವರಲ್ಲ.

ಇದಕ್ಕೆ ಕಾರಣ ತಮಗೆ ತಿಳಿಯದ್ದೇನಲ್ಲ, ಆದರೂ ದೂರು ಬರೆಯುವವರು ಮೊದಲಿನಿಂದ ಹೇಳಬೇಕೆಂಬ ಪದ್ಧತಿಗೆ ತಲೆಬಾಗಿ ಹೇಳುತ್ತೇನೆ. ನಮ್ಮ ಪೆಲ್ಹಮ್ ಫೆರಿ ಕಾಲೇಜಿನ ಬೇಸ್‌ಬಾಲ್ ತಂಡವನ್ನು ಮೂವತ್ತೊಂದು ವರ್ಷ ನಡೆಸಿದ ಕೋಚ್ ಹರ್ಷೆಲ್ ಪರ್ವಿಸ್ ಅವರು, ಮಂಡಿ ಸೋತಿತೆಂದೂ ಇನ್ನುಳಿದ ವಸಂತಗಳನ್ನು ಮೀನು ಹಿಡಿದುಕೊಂಡು ಕಳೆಯುವೆನೆಂದೂ ಹೇಳಿ ಮೇ ತಿಂಗಳಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಯಾರು ಎಂಬುದನ್ನು ಕಾಲೇಜಿನವರು ಬಾಯಿಗೆ ಬೀಗ ಹಾಕಿಕೊಂಡು ಹುಡುಕತೊಡಗಿದರು. ನಮ್ಮ ಕಡೆ ಕಾಲೇಜಿನವರು ಕೋಚನ್ನು ಗುಟ್ಟಾಗಿ ಹುಡುಕುತ್ತಾರೆ, ಅಭಿಮಾನಿಗಳು ಆ ಗುಟ್ಟನ್ನು ಆಕಾಶದಲ್ಲಿ ಹುಡುಕುತ್ತಾರೆ. ಎಲ್ಲಿಂದ ವಿಮಾನ ಬಂತೋ ಅಲ್ಲಿನ ಕೋಚು ನಮಗೆ ಎಂಬುದು ಈ ಭಾಗದ ಶಾಸ್ತ್ರ, ಇದಕ್ಕೆ ಪುರೋಹಿತರು ಬೇಕಾಗಿಲ್ಲ, ಮೊಬೈಲಿದ್ದರೆ ಸಾಕು.

ಮೈದಾನದ ಬಲಬದಿಯ ಬೇಲಿಯ ಹಿಂದೆ ನಾವು ಗಾಡಿಗಳನ್ನು ನಿಲ್ಲಿಸಿಕೊಂಡು ಮಾಂಸ ಸುಡುತ್ತಾ ಆಟ ನೋಡುವವರು. ಆಟ ಮುಗಿದ ಕಾಲದಲ್ಲೂ ಮಾಂಸ ಸುಡುವುದನ್ನು ನಿಲ್ಲಿಸದ ಶ್ರದ್ಧಾವಂತರು. ಜೂನ್ ತಿಂಗಳಿಡೀ ಅಲ್ಲಿ ನಡೆದ ಚರ್ಚೆಯನ್ನು ನಮ್ಮ ಸಂಸತ್ತಿನವರು ಕೇಳಿದ್ದರೆ ನಾಚಿಕೊಂಡು ರಾಜೀನಾಮೆ ಕೊಡುತ್ತಿದ್ದರು. ಒಂದು ಪಂಗಡದವರು, ಹಿಂದೆ ನಮ್ಮಲ್ಲಿ ಆಡಿ ಈಗ ಟ್ರಕ್ಕು ಮಾರುತ್ತಿರುವ ಒಬ್ಬಾತನೇ ಬರಬೇಕೆಂದರು, ಏಕೆಂದರೆ ಆತ ಒಮ್ಮೆ ಚೆಂಡನ್ನು ನೀರಿನ ಟ್ಯಾಂಕಿಗೆ ಹೊಡೆದಿದ್ದ. ಉಳಿದವರೆಲ್ಲರೂ ತಾವು ವಾಸವಾಗಿರುವ ಬ್ರಿಂಕ್ಟನ್ನಿನ ಕಾಲೇಜಿನ ಕೋಚ್ ಟ್ರೆವರ್ ಮ್ಯಾಡಕ್ಸ್ ಎಂಬ ತರುಣನ ಹಿಂದೆ ಬಿದ್ದರು. ಈ ಎರಡನೆಯ ಪಂಗಡದ ಮುಖಂಡ ರಾಯ್ಸ್ ಟೇಟಮ್, ವೃತ್ತಿಯಿಂದ ವಿಮಾ ಏಜೆಂಟು, ಪ್ರವೃತ್ತಿಯಿಂದ ಸರ್ವಜ್ಞ. ಮ್ಯಾಡಕ್ಸನ ಕಪ್ಪು ಕನ್ನಡಕ ಮತ್ತು ದವಡೆಯನ್ನು ಟಿವಿಯಲ್ಲಿ ನೋಡಿದ ಆತ, ಇಂಥ ದವಡೆಯಿದ್ದವನು ಸೋಲುವುದು ಸಾಧ್ಯವೇ ಇಲ್ಲವೆಂದು ತೀರ್ಪು ಕೊಟ್ಟ. ಟ್ರಕ್ಕಿನವನ ಪಂಗಡ ಮತ್ತು ದವಡೆಯ ಪಂಗಡ ಒಂದೇ ಒಲೆಯ ಮಾಂಸ ತಿನ್ನುವುದನ್ನೂ ಬಿಟ್ಟವು.

ಈ ಗದ್ದಲದಲ್ಲಿ ಲೆನರ್ಡ್ ವೀಮ್ಸ್ ಎಂಬ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬಂದರೂ ಮಾಂಸಕ್ಕೆ ಉಪ್ಪು ಹೆಚ್ಚಾಯಿತು ಎನ್ನುವ ಧಾಟಿಯಲ್ಲಿ ಬಂದು ಹೋಯಿತು. ವೀಮ್ಸ್ ಅವರು ಪರ್ವಿಸ್ ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ಸಹಾಯಕ ಕೋಚ್ ಆಗಿದ್ದವರು. ಮೂರನೇ ಬೇಸಿನ ಪಕ್ಕದಲ್ಲಿ ನಿಂತು, ಓಡುವ ಹುಡುಗರಿಗೆ ನಿಲ್ಲು ಅಥವಾ ನುಗ್ಗು ಎಂದು ಕೈಸನ್ನೆ ಮಾಡುತ್ತಿದ್ದ ಆ ಸಣಕಲು ಮನುಷ್ಯನನ್ನು ನಾವು ಎಷ್ಟು ವರ್ಷದಿಂದ ನೋಡಿದ್ದೆವೆಂದರೆ, ಆತ ಮೈದಾನದ ಜೊತೆಗೇ ಬಂದ ಸಾಮಾನು ಅಂದುಕೊಂಡಿದ್ದೆವು. ಪರ್ವಿಸ್ ಅವರನ್ನೇ ಬೀಳ್ಕೊಡುಗೆಯ ಊಟದಲ್ಲಿ ಯಾರೋ ಕೇಳಿದಾಗ ಅವರು ಫೋರ್ಕಿನಿಂದ ವೀಮ್ಸ್ ಕಡೆ ತೋರಿಸಿ, "ಅಲ್ಲೇ ಕೂತಿದ್ದಾನಲ್ಲ" ಅಂದರು. ನಾವು ನಕ್ಕು ಚಪ್ಪಾಳೆ ಹೊಡೆದೆವು, ಮುದುಕರಿಗೆ ಹಾಸ್ಯಪ್ರಜ್ಞೆ ಉಳಿದಿದೆಯಲ್ಲ ಎಂದು ಮೆಚ್ಚಿಕೊಂಡೆವು. ಹಿತ್ತಲ ಗಿಡ ಮದ್ದಲ್ಲವೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆ ವಾರವೇ ವೀಮ್ಸರ ಹೆಂಡತಿ ಡೋರೀನ್ ಚರ್ಚಿಗೆ ಹೂವು ಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಳು. ಲಿಲ್ಲಿಗಳನ್ನು ಆರಿಸುತ್ತಾ ಆರಿಸುತ್ತಾ ಕೈ ನಿಲ್ಲಿಸಿ, "ಮಿಸ್ ಮರ್ಲೀನ್, ಅವ್ರು ಫೋನು ಪಕ್ಕದಲ್ಲಿಟ್ಕೊಂಡೇ ಊಟ ಮಾಡ್ತಾರೆ. ಕೆಲಸ ಕೊಡ್ದೆ ಇದ್ರೆ ಬೇಡ, ಬಾಪ್ಪಾ ಕೂತ್ಕೋ ಅಂತ ಕರೆದು ಒಂದ್ಮಾತು ಕೇಳ್ಬೋದಿತ್ತಲ್ವಾ?" ಅಂದಳು. ಕಾಲೇಜಿನವರಿಗೆ ಖಂಡಿತ ಹೇಳುತ್ತೇನೆಂದು ಮಾತು ಕೊಟ್ಟು, ಹೂವಿನ ಜೊತೆಗೆ ಎರಡು ಗುಲಾಬಿ ಹೆಚ್ಚಿಗೆ ಸೇರಿಸಿ ಕಳಿಸಿದೆ. ಆ ಸಂಜೆ ಬೇಲಿಯ ಹತ್ತಿರ ಹೋಗಿ, ಮಾಂಸ ಬೇಯುವಷ್ಟರಲ್ಲಿ ದವಡೆಯ ಪಂಗಡಕ್ಕೆ ಸೇರಿದ್ದೆ.

ಹೀಗಿರುವಾಗ ತಾವು ಅವತರಿಸಿದಿರಿ. ಬ್ರಿಂಕ್ಟನ್ನಿನ ದೊಡ್ಡ ಟ್ರ್ಯಾಕ್ಟರ್ ವ್ಯಾಪಾರಿಯೊಬ್ಬರ ಸೊತ್ತಾದ ತಾವು, ಮ್ಯಾಡಕ್ಸನ ತಂಡಕ್ಕೆ ಹಣ ಹಾಕುವ ಆ ಪುಣ್ಯಾತ್ಮರ ಹೆಸರು ಹೊತ್ತ ತಾವು, ಒಂದು ಮಂಗಳವಾರ ನಮ್ಮೂರಿನ ಪುಟ್ಟ ವಿಮಾನಪಟ್ಟಿಯಲ್ಲಿ ಇಳಿದು, ಒಂದು ಊಟದ ಹೊತ್ತು ನಿಂತು, ಹಾಗೇ ಹಾರಿಹೋದಿರಿ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ತಾವು ನದಿ ದಾಟಿದ್ದಿರಿ. ಮ್ಯಾಡಕ್ಸ್ ಕದ್ದು ಬಂದು ಮೈದಾನ ನೋಡಿಕೊಂಡು ಹೋದನೆಂದು ರಾಯ್ಸ್ ಸಾರಿದ. ಯಾರು ನೋಡಿದರು ಎಂದು ಕೇಳಿದವರಿಗೆ, ಯಾರೂ ನೋಡದಿರುವುದೇ ಸಾಕ್ಷಿ ಅಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಅಂದೇ ಶುರುವಾಯಿತು. ಮ್ಯಾಡಕ್ಸನ ಹೆಸರಿನ ಅಂಗಿಗಳು ಅಚ್ಚಾದವು, ಹೋಟೆಲಿನವರು ಊಟದ ಪಟ್ಟಿಯಲ್ಲಿ ಅವನ ಹೆಸರಿನದೊಂದು ಹ್ಯಾಂಬರ್ಗರ್ ಸೇರಿಸಿದರು, ಟ್ರಕ್ಕಿನವನ ಪಂಗಡದವರು ನಾಚುತ್ತಾ ನಾಚುತ್ತಾ ನಮ್ಮ ಒಲೆಯ ಹತ್ತಿರ ಬಂದು ತಟ್ಟೆ ಚಾಚಿದರು.

ಶುಕ್ರವಾರ ಮಧ್ಯಾಹ್ನ ತಾವು ಮತ್ತೆ ನಮ್ಮ ಕಡೆಗೆ ಮೂತಿ ತಿರುಗಿಸಿದಿರೆಂದು ಮೊಬೈಲು ಹೇಳಿದ್ದೇ ತಡ, ಊರಿಗೆ ಊರೇ ವಿಮಾನಪಟ್ಟಿಗೆ ಹೊರಟಿತು. ನಾನು ಅಂಗಡಿಯ ಕೆಂಪು ಗ್ಲಾಡಿಯೋಲಸ್ ಎಲ್ಲವನ್ನೂ ಕಟ್ಟಿಕೊಂಡು ಹೋದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು, ಕಾಲೇಜಿನ ಬ್ಯಾಂಡಿನ ನಾಲ್ವರು ಬೆವರಿಳಿಸುತ್ತಾ ಕಹಳೆ ಹಿಡಿದು ನಿಂತಿದ್ದರು.

ಬೇಲಿಯ ಬಾಗಿಲ ಹತ್ತಿರ ಒಂದು ಚೀಲ ಹಿಡಿದುಕೊಂಡು, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಲೆನರ್ಡ್ ವೀಮ್ಸ್ ನಿಂತಿದ್ದರು. ನಮ್ಮ ಗುಂಪನ್ನೂ, ಬ್ಯಾಂಡನ್ನೂ, ನನ್ನ ಕೈಯ ಹೂವನ್ನೂ ನೋಡಿ ಅವರ ಮುಖ ಕೆಂಪಗಾಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ಅಯ್ಯೋ, ಇದೆಲ್ಲಾ ಯಾಕೆ ಮಾಡೋಕ್ಹೋದ್ರಿ, ಮಿಸ್ ಮರ್ಲೀನ್. ನಿಮಗೆಲ್ಲಾ ಹೆಂಗೆ ಗೊತ್ತಾಯ್ತು?" ಎನ್ನುತ್ತಾ ಹೂವಿಗೆ ಅರ್ಧ ಕೈ ಚಾಚಿದರು. ಅಷ್ಟರಲ್ಲಿ ಬಟ್ಟೆಯ ಬ್ಯಾನರು ಬಿಚ್ಚಿಕೊಂಡಿತು. ಮ್ಯಾಡಕ್ಸ್ ಅವರಿಗೆ ಸ್ವಾಗತ ಎಂದು ಅದರಲ್ಲಿ ಬರೆದಿತ್ತು. ವೀಮ್ಸ್ ಅದನ್ನು ಓದಿ, ಚಾಚಿದ ಕೈಯಿಂದ ಕೋಟಿನ ಗುಂಡಿ ಸರಿಮಾಡಿಕೊಂಡರು.

ಬ್ಯಾನರಿನ ಒಂದು ತುದಿ ರಾಯ್ಸ್ ಕೈಯಲ್ಲಿತ್ತು. "ಲೆನರ್ಡ್, ಒಂಚೂರು ಆಕಡೆ ನಿಂತ್ಕೋಪ್ಪಾ, ಫೋಟೋಗೆ ಅಡ್ಡ ಆಗ್ತೀಯ" ಅಂದ.

"ಆಗ್ಲಿ ರಾಯ್ಸ್" ಎಂದು ವೀಮ್ಸ್ ಪಕ್ಕಕ್ಕೆ ಸರಿದರು.

ಆಮೇಲೆ ನಡೆದದ್ದಕ್ಕೆ ತಾವೇ ಸಾಕ್ಷಿ. ತಾವು ಹಂಸದ ಹಾಗೆ ಇಳಿದಿರಿ, ಬಾಗಿಲು ತೆರೆದಿರಿ, ಮೆಟ್ಟಿಲು ಇಳಿಬಿಟ್ಟಿರಿ. ಸೊಂಟ ನೆಟ್ಟಗೆ ಮಾಡಿಕೊಳ್ಳಲು ಇಳಿದುಬಂದ ತಮ್ಮ ಪೈಲಟ್ಟಿಗೆ ಕಪ್ಪು ಕನ್ನಡಕವಿದ್ದದ್ದೇ ಸಾಕಾಯಿತು, ಬ್ಯಾಂಡು ಬಾರಿಸಿತು, ಒಂದಿಬ್ಬರು ಹೆಂಗಸರು ಅತ್ತರು, ಆತ ಶೌಚಾಲಯ ಎಲ್ಲಿ ಎಂದು ಕೇಳಿದ ಮೇಲೆ ಬ್ಯಾಂಡು ನಿಂತಿತು. ವೀಮ್ಸ್ ಮಾತ್ರ ಚೀಲ ಎತ್ತಿಕೊಂಡು, ನಮಗೆಲ್ಲ ಟೋಪಿ ಎತ್ತಿ, ಮೆಟ್ಟಿಲು ಹತ್ತಿ ಒಳಗೆ ಹೋದರು. ಇವರೇಕೆ ಹತ್ತಿದರೆಂದು ನಾವು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಆದರೆ ಸರ್ವಜ್ಞನಿದ್ದ ಕಡೆ ಪ್ರಶ್ನೆ ಎಷ್ಟು ಹೊತ್ತು ಬಾಳೀತು? ಕಾಲೇಜಿನವರು ಮರ್ಯಾದೆಯ ಕುರುಹಾಗಿ ಮ್ಯಾಡಕ್ಸನನ್ನು ಕರೆತರಲು ವೀಮ್ಸನನ್ನು ಕಳಿಸುತ್ತಿದ್ದಾರೆ, ಬೀಗರನ್ನು ಕರೆಯಲು ಮನೆಯವರೇ ಹೋಗಬೇಕಲ್ಲ ಎಂದು ರಾಯ್ಸ್ ವಿವರಿಸಿದ. ನಮಗೆ ಅದು ಒಪ್ಪಿಗೆಯಾಯಿತು. ಬೇಗ ಕರ್ಕೊಂಡ್ ಬಾ ಎಂದು ಎಲ್ಲರೂ ಕೂಗಿದೆವು, ತಮ್ಮ ಕಿಟಕಿಯೊಳಗಿಂದ ಒಂದು ಕೈ ಆಡಿತು, ತಾವು ಚುಕ್ಕೆಯಾಗುವವರೆಗೂ ನಾವು ಚಪ್ಪಾಳೆ ತಟ್ಟಿದೆವು.

ಮಾನ್ಯರೇ, ನಮ್ಮ ತಂಡವನ್ನು ಬಲ್ಲ ಏಕೈಕ ಮನುಷ್ಯನನ್ನು ನಾವು ಬ್ಯಾಂಡು ಬಾರಿಸಿ ಕಳಿಸಿಕೊಟ್ಟೆವು. ಅಲ್ಲೇ ಒಲೆ ಹಚ್ಚಿ, ಹಂದಿಯ ಪಕ್ಕೆಲುಬು ಸುಟ್ಟು, ಆಕಾಶ ನೋಡುತ್ತಾ ಕಾದೆವು. ಸಂಜೆಯಾಗುವ ಹೊತ್ತಿಗೆ ಬ್ರಿಂಕ್ಟನ್ನಿನ ಪ್ರಕಟಣೆ ಬಂತು. ಮ್ಯಾಡಕ್ಸ್ ಯಾವುದೋ ವೃತ್ತಿಪರ ತಂಡದ ಕೆಲಸ ಹಿಡಿದು ಓಹಾಯೋಗೆ ಹೊರಟನೆಂದೂ, ಆತನ ಜಾಗಕ್ಕೆ ಪೆಲ್ಹಮ್ ಫೆರಿಯ ಲೆನರ್ಡ್ ವೀಮ್ಸ್ ಎಂಬ ಅನುಭವಿ ರತ್ನ ದೊರೆತಿದೆಯೆಂದೂ ಅದರಲ್ಲಿತ್ತು. ಮಂಗಳವಾರ ತಾವು ಬಂದದ್ದು ಅವರನ್ನು ಊಟಕ್ಕೆ ಕೂರಿಸಿ ಆ ಒಂದು ಮಾತು ಕೇಳುವುದಕ್ಕೆ. ಮೊಬೈಲು ನೋಡುತ್ತಿದ್ದ ನಮ್ಮ ಯಾರಿಗೂ ಪಕ್ಕದ ಹೋಟೆಲು ನೋಡಬೇಕೆಂದು ತೋಚಲಿಲ್ಲ.

ಇದರಲ್ಲಿ ತಪ್ಪು ಯಾರದೆಂದು ಬೇಲಿಯ ಬಳಿ ಕೂಲಂಕಷವಾಗಿ ವಿಚಾರಿಸಿ, ತಮ್ಮದೇ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ. ವಿಮಾನ ಎಂದ ಮೇಲೆ ಏನನ್ನಾದರೂ ಇಳಿಸಬೇಕು. ಬಂದವರು ಹತ್ತಿಸಿಕೊಂಡು ಹೋಗುವುದು ಯಾವ ಸೀಮೆಯ ಸಭ್ಯತೆ? ಇನ್ನು ಮುಂದೆ ತಾವು ಈ ಕಡೆ ದಯಮಾಡಿಸುವಾಗ, ತರುವುದಕ್ಕೋ ಒಯ್ಯುವುದಕ್ಕೋ ಎಂಬುದನ್ನು ಹೊಟ್ಟೆಯ ಕೆಳಗೆ ದಪ್ಪಕ್ಷರದಲ್ಲಿ ಬರೆಸಿಕೊಳ್ಳಬೇಕೆಂದೂ, ಒಯ್ಯುವುದಾದರೆ ಒಯ್ಯಲ್ಪಡುವವರ ಯೋಗ್ಯತೆಯನ್ನು ಧ್ವನಿವರ್ಧಕದಲ್ಲಿ ಒಂದು ತಿಂಗಳು ಮುಂಚಿತವಾಗಿ ಸಾರಬೇಕೆಂದೂ ಪ್ರಾರ್ಥಿಸುತ್ತೇವೆ. ಸಾಧ್ಯವಾದರೆ ಶುಕ್ರವಾರದ ಆ ಹಾರಾಟವನ್ನು ಹಿಮ್ಮುಖವಾಗಿ ಇನ್ನೊಮ್ಮೆ ಹಾರಿ, ಬಾಲ ಮುಂದಾಗಿ ಇಳಿದು, ವೀಮ್ಸ್ ಅವರನ್ನು ಹಿಂಬದಿಯಾಗಿ ಮೆಟ್ಟಿಲು ಇಳಿಸಿ ಕೊಡಿ. ಹಾಗೆ ಇಳಿದರೆ ಅವರಿಗೆ ನಮ್ಮ ಮುಖ ಕಾಣಿಸುವುದಿಲ್ಲ, ಅದೊಂದು ಉಪಕಾರ.

ಡೋರೀನ್ ಮೊನ್ನೆ ಮನೆ ಖಾಲಿ ಮಾಡಿ ಹೊರಡುವಾಗ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಅವಳು ಕೋಪಿಸಿಕೊಂಡಿರಲಿಲ್ಲ, ಗಂಡ ಈಗ ಫೋನು ಬೇರೆ ಕೋಣೆಯಲ್ಲಿಟ್ಟು ಊಟ ಮಾಡುತ್ತಾರೆಂದು ಹೇಳಿ ನಕ್ಕಳು. ಆ ನಗುವಿಗಾಗಿ, ದೂರುಗಳೆಲ್ಲ ಇದ್ದರೂ, ತಮಗೆ ಒಂದು ಕೃತಜ್ಞತೆ ಸಲ್ಲಬೇಕು. ಅದನ್ನು ನಾನೊಬ್ಬಳೇ ಹೇಳುತ್ತಿದ್ದೇನೆ, ಬೇಲಿಯವರಿಗೆ ತಿಳಿಸಬೇಡಿ.

ನೆಲದ ಮೇಲೆ ನಿಂತು ಆಕಾಶ ನೋಡುವ,
ತಮ್ಮ ವಿಶ್ವಾಸಿ,
ಮರ್ಲೀನ್ ಗಾಡ್‌ಬೋಲ್ಡ್

ಮರೆತ ಮಾತು: ನಮಗೂ ಕೊನೆಗೆ ಹೊಸ ಕೋಚು ಸಿಕ್ಕಿದ್ದಾರೆ. ಆಲ್ವಿನ್ ಸ್ಟ್ರೌಡ್ ಎಂದು ಹೆಸರು, ಮೆತ್ತಗಿನ ಮಾತಿನವರು. ಸ್ವಂತ ಹಳೆಯ ಪಿಕಪ್ ಟ್ರಕ್ಕನ್ನು ತಾವೇ ಓಡಿಸಿಕೊಂಡು ಬಂದದ್ದರಿಂದ ಯಾರ ಮೊಬೈಲಿಗೂ ಸುಳಿವು ಸಿಗಲಿಲ್ಲ. ಎಲ್ಲಿಂದ ಬಂದಿರಿ ಎಂದು ಕೇಳಿದ್ದಕ್ಕೆ, ಬ್ರಿಂಕ್ಟನ್ನಿನಲ್ಲಿ ಹದಿನೆಂಟು ವರ್ಷ ಸಹಾಯಕ ಕೋಚ್ ಆಗಿದ್ದೆ, ಮ್ಯಾಡಕ್ಸ್ ಹೋದ ಮೇಲೂ ಅಲ್ಲಿ ಯಾರೂ ನನ್ನನ್ನು ಕೇಳಲಿಲ್ಲ ಅಂದರು. ಮನೆಯಲ್ಲೇ ಇದ್ದ ಇಂಥ ಮನುಷ್ಯನನ್ನು ಗುರುತಿಸದವರು ಎಂಥ ದಡ್ಡರಿರಬೇಕು ಎಂದು ರಾಯ್ಸ್ ಆ ಊರಿನ ಬಗ್ಗೆ ಇನ್ನೂ ಮರುಗುತ್ತಿದ್ದಾನೆ.