ಕೊನೆಯ ಸ್ಥಾನಕ್ಕೆ ಪೈಪೋಟಿ

ಯಜಮಾನರ ಮನೆಯ ಹಾಲಿನಲ್ಲಿ ಒಂದು ಗಾಜಿನ ಶೋಕೇಸು ಇದೆ. ಅದರಲ್ಲಿ ಯಜಮಾನರದ್ದು ಅಂತ ಒಂದೇ ಒಂದು ವಸ್ತುವಿಲ್ಲ. ಮೇಲಿನ ಸಾಲಿನಲ್ಲಿ ಮಾವನವರು ಟೆನಿಸ್ಸಿನಲ್ಲಿ ಗೆದ್ದ ಕಪ್‌ಗಳು. ಕೆಳಗಿನ ಸಾಲಿನಲ್ಲಿ ಭಾವಮೈದುನ ಚರ್ಚಾಸ್ಪರ್ಧೆಗಳಲ್ಲಿ ಹೊಡೆದುಕೊಂಡು ಬಂದ ಶೀಲ್ಡುಗಳು (ಆ ಮನೆತನದವರ ಬಾಯಿಗೆ ಬಹುಮಾನ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ). ನಡುವಿನ ಸಾಲಿನಲ್ಲಿ ಹೆಂಡತಿ ಕಾಲೇಜಿನಲ್ಲಿದ್ದಾಗ ಗುಂಡು ಎಸೆದು ಪಡೆದ ಪದಕ. ಅದರ ಪಕ್ಕದಲ್ಲಿ ಒಂದು ಗೇಣು ಜಾಗ. "ಇದು ನಿಮಗೇ ಅಂತ ಬಿಟ್ಟಿರೋ ಜಾಗ ಕಣ್ರೀ" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರೀತಿಯಿಂದ ಹೇಳಿದ್ದಳು. ಆಮೇಲೆ ಖಾಲಿ ಜಾಗ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಅಂತ ಒಂದು ಪ್ಲಾಸ್ಟಿಕ್ ಹೂವಿನ ಕುಂಡ ತಂದಿಟ್ಟಳು. ಈಗ ಆ ಹೂವುಗಳೂ ಬಣ್ಣಗೆಟ್ಟಿವೆ.

ಯಜಮಾನರು ಅನ್ನುವುದು ಕನ್ನಡಕದ ಅಂಗಡಿಯಲ್ಲಿ ಅವರಿಗಿರುವ ಬಿರುದು. ಮನೆಯಲ್ಲಿ ಅವರ ಹೆಸರು "ರೀ". ಊರಿನವರಿಗೆಲ್ಲ ದೂರದ್ದು, ಹತ್ತಿರದ್ದು ಎರಡನ್ನೂ ತೋರಿಸಿಕೊಡುವ ಮನುಷ್ಯ, ಸಂಜೆ ಮನೆಗೆ ಬಂದು ಸೋಫಾದ ಮೇಲೆ ಕೂತರೆ ಎದುರಿಗೆ ಕಾಣುವುದು ಅದೇ ಕುಂಡ. ಅದನ್ನು ತೆಗೆಸಿ ಅಲ್ಲಿ ತನ್ನದೊಂದು ಕಪ್ ಇಡಬೇಕು. ಈ ಜನ್ಮದಲ್ಲಿ ಅವರಿಗೆ ಉಳಿದಿದ್ದ ಆಸೆ ಅದೊಂದೇ.

ಕಪ್ ಸಿಗಬಹುದಾದ ಜಾಗವೂ ಒಂದೇ. ಊರಾಚೆ ಕೆರೆಯ ದಂಡೆಯಲ್ಲಿ ಹಾಯಿದೋಣಿ ಕ್ಲಬ್ಬು ಅಂತ ಒಂದಿದೆ. ಕ್ಲಬ್ಬು ಅಂದ ಕೂಡಲೇ ಬಿಳಿ ಹಡಗು, ಬಿಳಿ ಪ್ಯಾಂಟು ಅಂತೆಲ್ಲ ಕಲ್ಪನೆ ಮಾಡಿಕೊಳ್ಳಬೇಡಿ. ಒಂದು ತಗಡಿನ ಷೆಡ್ಡು, ಅದರಲ್ಲಿ ಬೋರಲು ಹಾಕಿದ ಒಂದಷ್ಟು ಪುಟ್ಟ ದೋಣಿಗಳು, ಕಾಲು ಅಲ್ಲಾಡುವ ಟೇಬಲ್ಲು, ಚಹಾ ಕಾಸುವ ದೊಡ್ಡ ಪಾತ್ರೆ, ಮತ್ತು ಸದಾ ಯಾರದೋ ಜೇಬಿನಲ್ಲಿ ಕೂತು ಪರವೂರಿಗೆ ಹೋಗಿರುವ ಶೌಚಾಲಯದ ಬೀಗದ ಕೈ. ಇಷ್ಟೇ. ದೋಣಿಗೆ ಬಣ್ಣ ಬಳಿಯುವ ಭಾನುವಾರ ಅಷ್ಟೂ ಸದಸ್ಯರಿಗೆ ಒಟ್ಟಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಫೋಟೋ ತೆಗೆಯುವ ಭಾನುವಾರ ಒಟ್ಟಿಗೇ ವಾಸಿಯಾಗುತ್ತದೆ. ವಾರ್ಷಿಕ ಸಭೆಯಲ್ಲಿ ಅರ್ಧ ಹೊತ್ತು ಬೀಗದ ಕೈಯ ಬಗ್ಗೆ ಕಚ್ಚಾಟ, ಇನ್ನರ್ಧ ಹೊತ್ತು ವಂದನಾರ್ಪಣೆ. ಅದರಲ್ಲಿ ಗಾಳಿಗೆ, ನೀರಿಗೆ, ಸೂರ್ಯನಿಗೆ ಎಲ್ಲಕ್ಕೂ ಕೃತಜ್ಞತೆ. ಬೆಳಗಿನಿಂದ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೈ ಸೋತ ಹೆಂಗಸರ ನೆನಪು ಮಾತ್ರ ಯಾರಿಗೂ ಬರುವುದಿಲ್ಲ.

ಕ್ಲಬ್ಬಿನ ಅಧ್ಯಕ್ಷರು ಒಬ್ಬ ನಿವೃತ್ತ ಹೆಡ್ಮಾಸ್ತರು. ದಡ್ಡರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿಸಿದ ಹಳೇ ಅಭ್ಯಾಸ ಕೈಬಿಡಲಾರದೆ ಅವರು ದೋಣಿಗಳಿಗೂ ಒಂದು ನಿಯಮ ತಂದಿದ್ದರು. ಪ್ರತಿ ಭಾನುವಾರ ಕೆರೆಯಲ್ಲಿ ತೇಲಿಬಿಟ್ಟ ಕೆಂಪು ಡ್ರಮ್ಮುಗಳನ್ನು ಸುತ್ತಿಬರುವ ಪಂದ್ಯ. ವರ್ಷವಿಡೀ ಈ ಪಂದ್ಯಗಳಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನಿಗೆ, ವರ್ಷದ ಕೊನೆಯ ಬೆಳ್ಳಿ ಕಪ್ ಪಂದ್ಯದಲ್ಲಿ ಹತ್ತು ನಿಮಿಷ ರಿಯಾಯಿತಿ. ಅವನಿಗಿಂತ ಚೂರು ವಾಸಿ ಅನ್ನಿಸಿಕೊಂಡವನಿಗೆ ಎಂಟು. ಹೀಗೆ ಇಳಿಯುತ್ತ ಹೋಗಿ, ಎಲ್ಲರಿಗಿಂತ ಮುಂದಿದ್ದವನಿಗೆ ಸೊನ್ನೆ. ದಡ ಮುಟ್ಟಲು ಹಿಡಿದ ಹೊತ್ತಿನಲ್ಲಿ ರಿಯಾಯಿತಿ ಕಳೆದು ಯಾರದು ಕಡಿಮೆಯೋ ಅವರಿಗೆ ಕಪ್. ಕ್ರೀಡಾಮನೋಭಾವ ಅಂತ ಇನ್ನೊಂದು ಪದ್ಧತಿಯೂ ಉಂಟು: ಎರಡನೆಯವನಾದವನು ಗೆದ್ದವನ ಬೆಳ್ಳಿ ಕಪ್‌ಗೆ ಎಲ್ಲರೆದುರು ತನ್ನ ಕೈಯಾರೆ ಚಹಾ ಸುರಿದುಕೊಡಬೇಕು.

ಯಜಮಾನರು ವರ್ಷಾನುಗಟ್ಟಲೆ ಮಧ್ಯದಲ್ಲೇ ಕೊಳೆತಿದ್ದರು. ಮಧ್ಯದಲ್ಲಿರುವವನಿಗೆ ಕಪ್ಪೂ ಇಲ್ಲ, ಕನಿಕರವೂ ಇಲ್ಲ. ಹೀಗಿರುವಾಗ ಒಂದು ದಿನ ಅಂಗಡಿಗೆ ಒಬ್ಬ ಗಿರಾಕಿ ಬಂದ. ಕಚೇರಿಯಲ್ಲಿ ಕೆಲಸ ತಪ್ಪಿಸಿಕೊಳ್ಳಲು, ಕಾಣುವ ಅಕ್ಷರವನ್ನೂ ಕಾಣುವುದಿಲ್ಲ ಎಂದು ಸಾಧಿಸುವ ಆಸಾಮಿ. ಅವನ ಸುಳ್ಳನ್ನು ಕೇಳುತ್ತ ಕೇಳುತ್ತ ಯಜಮಾನರ ತಲೆಯಲ್ಲಿ ದೀಪ ಹತ್ತಿತು. ವರ್ಷವಿಡೀ ಬೇಕೆಂದೇ ಸೋಲಬೇಕು! ಹತ್ತು ನಿಮಿಷ ಗಿಟ್ಟಿಸಿಕೊಂಡು, ಕೊನೆಯ ದಿನ ಮಾತ್ರ ಪ್ರಾಣ ಒತ್ತೆಯಿಟ್ಟು ಓಡಿಸಬೇಕು.

ದೋಣಿಯಲ್ಲಿ ಇಬ್ಬರು. ಹಿಂದೆ ಚುಕ್ಕಾಣಿ ಹಿಡಿದು ಯಜಮಾನರು, ಮುಂದೆ ಸಣ್ಣ ಹಾಯಿಯ ಹಗ್ಗ ಹಿಡಿದು ಹೆಂಡತಿ. ಯೋಜನೆಯನ್ನು ಅವಳಿಗೆ ಅವರು ಹೇಳಲಿಲ್ಲ. ಹೇಳಿದರೆ ಅವಳು ಅಕ್ಕನಿಗೆ ಹೇಳುತ್ತಾಳೆ, ಅಕ್ಕ ತನ್ನ ಗಂಡನಿಗೆ ಹೇಳುತ್ತಾಳೆ. ಆ ಗಂಡ ಯಾರೆಂದರೆ ಹಲ್ಲಿನ ಡಾಕ್ಟರು, ಅದೇ ಕ್ಲಬ್ಬಿನ ಸದಸ್ಯ, ಯಜಮಾನರ ಷಡ್ಡಕ. ಮನುಷ್ಯ ಸ್ನೇಹಿತರನ್ನು ಆರಿಸಿಕೊಳ್ಳಬಹುದು, ಶತ್ರುಗಳನ್ನೂ ಆರಿಸಿಕೊಳ್ಳಬಹುದು. ಷಡ್ಡಕನನ್ನು ಮಾತ್ರ ಹೆಂಡತಿ ಮನೆಯವರು ಮೊದಲೇ ಆರಿಸಿಟ್ಟಿರುತ್ತಾರೆ.

ಮುಂದಿನ ಭಾನುವಾರವೇ ಸೋಲು ಶುರುವಾಯಿತು.

"ರೀ, ಎಲ್ಲರೂ ಆ ಕಡೆ ಹೋಗ್ತಿದ್ದಾರಲ್ಲ, ನಾವ್ಯಾಕೆ ಈ ಕಡೆ?"

"ಅವರಿಗೆ ಗಾಳಿ ಗೊತ್ತಿಲ್ಲ."

"ಗಾಳಿಗೆ ಅವರು ಗೊತ್ತಿರಬೇಕು. ನೋಡಿ, ಹೆಂಗೆ ಹೋಗ್ತಿದ್ದಾರೆ! ಅಯ್ಯೋ, ಅದು ನಮ್ಮ ಬಚ್ಚಲುಮನೆ ಬಕೆಟ್ ಅಲ್ವಾ? ಅದನ್ಯಾಕ್ರೀ ಹಗ್ಗ ಕಟ್ಟಿ ನೀರಿಗೆ ಬಿಟ್ಟಿದೀರಿ?"

"ಬ್ಯಾಲೆನ್ಸಿಗೆ."

"ಬೇರೆ ಯಾರ ದೋಣೀಲೂ ಇಲ್ಲ!"

"ಬೇರೆ ಯಾರಿಗೂ ಬ್ಯಾಲೆನ್ಸ್ ಇಲ್ಲ. ನೀನು ಹಗ್ಗ ಹಿಡ್ಕೋ ಸುಮ್ನೆ."

ನೀರು ತುಂಬಿದ ಬಕೆಟ್ಟು ಹಿಂದಿನಿಂದ ಎಳೆಯುತ್ತಿದ್ದರೆ ಎಂಥ ದೋಣಿಯೂ ಮುಂದೆ ಹೋಗದು. ಯಜಮಾನರು ಕೊನೆಯವರಾಗಿ ದಡ ಸೇರಿ, ಒಳಗೊಳಗೇ ಹಿಗ್ಗುತ್ತ, ಮುಖದ ಮೇಲೆ ದುಃಖ ಬರಿಸಿಕೊಂಡು ಇಳಿದರು.

ಕೆಲವು ವಾರ ಎಲ್ಲವೂ ಸಾಂಗವಾಗಿ ನಡೆಯಿತು. ಆಮೇಲೊಂದು ಭಾನುವಾರ ನೋಡುತ್ತಾರೆ, ತಮಗಿಂತ ಹಿಂದೆ ಇನ್ನೊಂದು ದೋಣಿ! ಅದರಲ್ಲಿ ಷಡ್ಡಕ, ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು ಅಕ್ಕ. ಷಡ್ಡಕ ಹಾಯಿಯನ್ನು ಸರಿಯಾಗಿ ಗಾಳಿಗೆ ಒಡ್ಡಿದ್ದಾನೆ, ಆದರೂ ದೋಣಿ ತೆವಳುತ್ತಿದೆ. ಯಜಮಾನರು ಕನ್ನಡಕ ಒರೆಸಿಕೊಂಡು ನೋಡಿದರು. ಅವನ ದೋಣಿಯ ಹಿಂದೆಯೂ ಒಂದು ಹಗ್ಗ ನೀರಿಗಿಳಿದಿತ್ತು. ಅಡಿಯಲ್ಲಿ ನೀಲಿ ಬಣ್ಣದ್ದೇನೋ ಮಸುಕಾಗಿ ಕಾಣುತ್ತಿತ್ತು.

ಅಂದಿನಿಂದ ಆ ಕೆರೆಯಲ್ಲಿ ಎರಡು ಪಂದ್ಯಗಳು. ಮುಂದೆ ಹತ್ತು ಜನರ ಪಂದ್ಯ, ಹಿಂದೆ ಇಬ್ಬರದ್ದು. ಕೊನೆಯ ಡ್ರಮ್ಮಿನ ಹತ್ತಿರ ಇಬ್ಬರೂ ಬಂದು ನಿಲ್ಲುವರು.

"ಹೋಗಿ ಯಜಮಾನ್ರೇ, ನೀವು ಮುಂದೆ ಹೋಗಿ."

"ಛೆ ಛೆ, ಎಲ್ಲಾದರೂ ಉಂಟಾ! ಹಿರಿಯರು, ನೀವು ಮೊದಲು."

"ಸಂಬಂಧದಲ್ಲಿ ಹಿರಿತನ ಎಂಥದು? ನೀವು ನಡೀರಿ."

ಇಷ್ಟು ಮರ್ಯಾದೆ ಆ ಕುಟುಂಬದಲ್ಲಿ ಯಾವ ಮದುವೆಯಲ್ಲೂ ಯಾರೂ ಯಾರಿಗೂ ಕೊಟ್ಟಿರಲಿಲ್ಲ. ಬಾಯಲ್ಲಿ ಸಕ್ಕರೆ, ಹೊಟ್ಟೆಯಲ್ಲಿ ಬೆಂಕಿ. ಕೊನೆಗೆ ಒಂದು ಬಕೆಟ್ಟು ಸಾಲದೆ ಯಜಮಾನರು ಇನ್ನೊಂದನ್ನೂ ಕಟ್ಟಿದರು. ವರ್ಷದ ಲೆಕ್ಕ ಮುಗಿದಾಗ ಕೊನೆಯ ಸ್ಥಾನ ನಿಸ್ಸಂಶಯವಾಗಿ ಅವರದ್ದಾಗಿತ್ತು, ಅದರ ಮೇಲಿನದ್ದು ಷಡ್ಡಕನದ್ದು. ಅಂದರೆ ಅವರಿಗೆ ಹತ್ತು ನಿಮಿಷ, ಷಡ್ಡಕನಿಗೆ ಎಂಟು.

ಆದರೆ ಈ ಸೋಲುಗಳ ಬಿಲ್ಲನ್ನೆಲ್ಲ ಷೆಡ್ಡಿನ ಹಿಂದಿನ ಅಡಿಗೆಮೂಲೆಯಲ್ಲಿ ಹೆಂಡತಿ ತೀರಿಸುತ್ತಿದ್ದಳು. ಕಪ್ ಪಂದ್ಯಕ್ಕೆ ವಾರವಿರುವಾಗ ಅವಳು ಮನೆಗೆ ಬಂದವಳೇ ಕೈಚೀಲವನ್ನು ಸೋಫಾದ ಮೇಲೆ ಎಸೆದಳು.

"ಅಕ್ಕ ಎಲ್ಲರ ಮುಂದೆ ಏನಂದಳು ಗೊತ್ತಾ? ನಿನ್ನ ಗಂಡನ ಕಣ್ಣು ಯಾರ ಹತ್ರ ಆದ್ರೂ ತೋರಿಸೇ, ಡ್ರಮ್ಮೇ ಕಾಣ್ಸಲ್ಲ ಅನ್ಸುತ್ತೆ ಅಂತ!"

"ಅವಳ ಗಂಡ ಏನು ಮಹಾ ಶೂರನಾ?"

"ಭಾವನಿಗೆ ಬೆನ್ನುನೋವು. ನಿಮಗೇನು ಬಂದಿದೆ ದೊಡ್ಡರೋಗ? ಅಕ್ಕ, 'ಹತ್ತು ನಿಮಿಷ ಭಿಕ್ಷೆ ಹಾಕ್ತಾರಂತಲ್ಲೇ ನಿಮಗೆ, ಪಾಪ' ಅಂದಳು. ಹಂಗಂದು ನನ್ನ ಕೈ ಹಿಡ್ಕೊಂಡಳು ಬೇರೆ. ಎಲ್ಲ ಹೆಂಗಸರೂ ನನ್ನೇ ನೋಡಿದ್ರು, ಮನೇಲಿ ಯಾರೋ ಹಾಸಿಗೆ ಹಿಡಿದಿದ್ದಾರೇನೋ ಅನ್ನೋ ಹಾಗೆ." ಅವಳು ಶೋಕೇಸಿನ ಮೇಲಿನ ಸಾಲಿನ ಕಡೆ ಕೈ ತೋರಿಸಿದಳು. "ನಮ್ಮಪ್ಪನೂ ಸೋತಿದ್ದಾರೆ ಕಣ್ರೀ. ಆದ್ರೆ ಯಾರ ಹತ್ರಾನೂ ಗ್ರೇಸ್ ಮಾರ್ಕ್ಸ್ ಇಸ್ಕೊಂಡಿರ್ಲಿಲ್ಲ. ನನಗೆ ಆ ಕಪ್ಪೂ ಬೇಡ, ಏನೂ ಬೇಡ. ತಲೆ ಎತ್ತಿಕೊಂಡು ಓಡಾಡೋ ಹಾಗಿದ್ರೆ ಸಾಕಿತ್ತು."

ಯಜಮಾನರು ಹೇಳಿಬಿಡೋಣ ಅಂದುಕೊಂಡರು. ಬಾಯಿಯವರೆಗೂ ಬಂತು. ಆದರೆ ಕಣ್ಣು ಶೋಕೇಸಿನ ಕುಂಡದ ಮೇಲೆ ಬಿತ್ತು. ಇನ್ನೊಂದು ವಾರ, ಅಷ್ಟೇ. ಇವಳ ಬಾಯಿಗೆ ಬೀಗ ಹಾಕುವವರು ಯಾರು?

"ಸ್ವಲ್ಪ ತಾಳು" ಎಂದರು, ಗಂಭೀರವಾಗಿ.

ಅವಳು ಕಣ್ಣೊರೆಸಿಕೊಂಡು ಎದ್ದುಹೋದಳು. ಮರುದಿನ ಸಂಜೆ ಎಲ್ಲಿಗೋ ಹೋಗಿಬಂದಾಗ ಮುಖ ಗೆಲುವಾಗಿತ್ತು. "ಹೆಡ್ಮಾಸ್ತರ ಮನೆಗೆ ಹೋಗಿದ್ದೆ, ಪಂದ್ಯದ ದಿನ ಬ್ರೆಡ್ಡು ಎಷ್ಟು ಬೇಕು ಕೇಳೋಣ ಅಂತ" ಎಂದಳು. ಹೆಂಗಸರ ದುಃಖಕ್ಕೆ ಬ್ರೆಡ್ಡಿನ ಲೆಕ್ಕ ಒಳ್ಳೆಯ ಔಷಧ ಎಂದು ಯಜಮಾನರು ತಮ್ಮಷ್ಟಕ್ಕೆ ನಕ್ಕರು. (ಈ ನಗುವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಇದು ಅವರು ನಕ್ಕ ಕೊನೆಯ ನಗು.)

ಪಂದ್ಯದ ದಿನ ಗಾಳಿ ಭರ್ಜರಿಯಾಗಿತ್ತು.

"ಬಕೆಟ್ ಎಲ್ಲಿ?" ಎಂದಳು ಹೆಂಡತಿ.

"ಬೇಡ."

"ಬ್ಯಾಲೆನ್ಸಿಗೆ?"

"ಇವತ್ತು ಬ್ಯಾಲೆನ್ಸ್ ಎಲ್ಲ ನನ್ನ ಹತ್ರ ಇದೆ. ನೀನು ಹಗ್ಗ ಎಳಿ ಅಂದಾಗ ಎಳಿ, ಬಿಡು ಅಂದಾಗ ಬಿಡು."

ಆಮೇಲೆ ನಡೆದದ್ದನ್ನು ಕ್ಲಬ್ಬಿನವರು ಈಗಲೂ ಹೇಳುತ್ತಾರೆ. ವರ್ಷವಿಡೀ ತೆವಳಿದ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು, ನೀರು ಸೀಳಿಕೊಂಡು ಹೊರಟಿತು. ಯಜಮಾನರು ಅಂಚಿನಾಚೆಗೆ ಮೈಚಾಚಿ, ಹೊಟ್ಟೆಯ ಸ್ನಾಯುಗಳೆಲ್ಲ ಬೊಬ್ಬೆ ಹೊಡೆಯುತ್ತಿದ್ದರೂ ಬಿಡದೆ, ಗಾಳಿಯ ಒಂದೊಂದು ಹೊರಳನ್ನೂ ಹಿಡಿದರು. ಹೆಂಡತಿ ಗುಂಡು ಎಸೆದ ತೋಳುಗಳಿಂದ ಹಗ್ಗ ಎಳೆದಳು. ಇಬ್ಬರೂ ಜಗಳವಾಡಲಿಲ್ಲ. ಅದಕ್ಕೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಂದೊಂದು ಡ್ರಮ್ಮಿಗೂ ಇಬ್ಬಿಬ್ಬರನ್ನು ಹಿಂದೆ ಹಾಕಿ, ಕೊನೆಗೆ ವರ್ಷವಿಡೀ ಮುಂದಿದ್ದು ಸೊನ್ನೆ ರಿಯಾಯಿತಿ ಪಡೆದಿದ್ದ ಹೆಡ್ಮಾಸ್ತರನ್ನೂ ದಾಟಿ, ಎಲ್ಲರಿಗಿಂತ ಮೊದಲು ದಡ ಮುಟ್ಟಿದರು. ರಿಯಾಯಿತಿಯ ಹಂಗೇ ಇಲ್ಲದ ಮೊದಲ ಸ್ಥಾನ! ಅದಾಗಿ ಒಂದು ಕ್ಷಣಕ್ಕೆ ಹೆಡ್ಮಾಸ್ತರು ಬಂದರು. ನಾಲ್ಕು ನಿಮಿಷ ತಡವಾಗಿ ಷಡ್ಡಕ ಬಂದ. ಅವನ ಬೆನ್ನಿಗೇ ಗಾಳಿ ಬಿದ್ದುಹೋಗಿ ಉಳಿದವರೆಲ್ಲ ಕೆರೆಯ ನಡುವೆ ನಿಂತೇಬಿಟ್ಟರು.

ಹೆಂಡತಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದು ಕೆರೆಯದ್ದಲ್ಲ. "ಗೊತ್ತಿತ್ತು ಕಣ್ರೀ ನನಗೆ. ನಿಮ್ಮ ಕೈಲಿ ಆಗುತ್ತೆ ಅಂತ ಗೊತ್ತಿತ್ತು" ಎಂದಳು. ಅವಳು ಅವರನ್ನು ಹಾಗೆ ನೋಡಿ ಬಹಳ ವರ್ಷಗಳಾಗಿದ್ದವು. ಯಜಮಾನರು ಮನಸ್ಸಿನಲ್ಲೇ ಹೂವಿನ ಕುಂಡವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದರು.

ಹೆಡ್ಮಾಸ್ತರು ಒದ್ದೆ ಪ್ಯಾಂಟಿನಲ್ಲೇ ಅಲ್ಲಾಡುವ ಟೇಬಲ್ಲಿನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಬಹುಮಾನಕ್ಕೆ ಮೊದಲು ಒಂದು ಆದರ್ಶದ ಮಾತು. ನಮ್ಮ ಕನ್ನಡಕದಂಗಡಿ ಯಜಮಾನರ ಶ್ರೀಮತಿಯವರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. 'ನಮ್ಮವರು ಸ್ವಾಭಿಮಾನಿ, ಸೋತರೂ ಸರಿಯೆ, ಅವರಿಗೆ ಹತ್ತು ನಿಮಿಷದ ದಾನ ಬೇಡ. ಅವರ ಬಾಯಿಂದ ಇದನ್ನು ಹೇಳೋಕೆ ಸಂಕೋಚ, ಅದಕ್ಕೇ ನಾನು ಬಂದೆ. ಸೊನ್ನೆ ಹಾಕಿ' ಎಂದು ಕಣ್ಣೀರು ಹಾಕಿದರು. ಇಷ್ಟು ವರ್ಷದಲ್ಲಿ ರಿಯಾಯಿತಿ ಕೊಡಿ ಅಂತ ಬಂದವರುಂಟು, ಬೇಡ ಅಂತ ಬಂದವರು ಇವರೊಬ್ಬರೇ. ಅವರ ಕೋರಿಕೆಯಂತೆ ಸೊನ್ನೆ ಹಾಕಿದ್ದೇವೆ. ಆಜೀವ ಸೊನ್ನೆ! ಚಪ್ಪಾಳೆ!"

ಷೆಡ್ಡಿನ ತಗಡು ಅದುರುವಂತೆ ಚಪ್ಪಾಳೆ ಬಿತ್ತು.

"ಈಗ ಫಲಿತಾಂಶ. ಎಂಟು ನಿಮಿಷ ರಿಯಾಯಿತಿ ಕಳೆದು ಬೆಳ್ಳಿ ಕಪ್ಪು ನಮ್ಮ ಹಲ್ಲಿನ ಡಾಕ್ಟರಿಗೆ. ಎರಡನೇ ಸ್ಥಾನ ಯಜಮಾನರಿಗೆ."

ಯಜಮಾನರು ಬಾಯಿ ತೆರೆದರು. ಏನು ಹೇಳುವುದು? ಆ ಹತ್ತು ನಿಮಿಷ ನಾನು ಕಷ್ಟಪಟ್ಟು ಸಂಪಾದಿಸಿದ್ದು, ಎರಡು ಬಕೆಟ್ಟು ಎಳೆದಿದ್ದೇನೆ ಅನ್ನುವುದೇ? ಪಕ್ಕದಲ್ಲಿ ಹೆಂಡತಿ ತಲೆ ಎತ್ತಿಕೊಂಡು ನಿಂತಿದ್ದಳು.

ಪದ್ಧತಿಯಂತೆ ಯಾರೋ ಯಜಮಾನರ ಕೈಗೆ ಚಹಾದ ಕೆಟಲ್ಲು ಕೊಟ್ಟರು. ಷಡ್ಡಕ ಬೆಳ್ಳಿ ಕಪ್ಪನ್ನು ಮುಂದೆ ಚಾಚಿದ. ಯಜಮಾನರು ಸುರಿದ ಚಹಾದಲ್ಲಿ ಅರ್ಧ ಅವನ ಅಂಗಿಯ ತೋಳಿಗೆ ಬಿತ್ತು. ಅವನು ಅದನ್ನು ಲೆಕ್ಕಿಸದೆ, ಕಿವಿಯ ಹತ್ತಿರ ಬಗ್ಗಿ ಮೆಲ್ಲನೆ ಕೇಳಿದ:

"ಬಕೆಟ್ ಕಟ್ಟಿದ ದಿನವೇ ನಾನು ನಮ್ಮ ಮನೆಯವಳಿಗೆ ಎಲ್ಲ ಹೇಳಿಬಿಟ್ಟಿದ್ದೆ. ನೀವು ಹೇಳಿರಲಿಲ್ವಾ?"

ಅಕ್ಕ ಅಷ್ಟು ಹೊತ್ತಿಗೆ ಎದುರಿಗೆ ಬಂದು ನಿಂತಿದ್ದಳು. "ನಗಿ ಯಜಮಾನ್ರೇ, ನಗಿ" ಎಂದು ಹೇಳಿ ಫೋಟೋ ತೆಗೆದಳು. ವರ್ಷವಿಡೀ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅಡಿಗೆಮೂಲೆಯಲ್ಲಿ ತಂಗಿಯ ಕೈ ಹಿಡಿದಿದ್ದ ಆ ಅಕ್ಕನ ಮುಖದಲ್ಲಿ ಆಗ ಇದ್ದ ವಾತ್ಸಲ್ಯವನ್ನು ಯಜಮಾನರು ಸಾಯುವವರೆಗೂ ಮರೆಯುವುದಿಲ್ಲ.

ಮುಂದಿನ ವಾರ ಅಕ್ಕ ಆ ಫೋಟೋಗೆ ಕಟ್ಟು ಹಾಕಿಸಿ ಕಳಿಸಿದಳು. ಹೆಂಡತಿ ಶೋಕೇಸಿನಿಂದ ಹೂವಿನ ಕುಂಡವನ್ನು ತೆಗೆದು ಅದನ್ನು ಅಲ್ಲಿಟ್ಟಳು. ಒಂದು ಗೇಣಿನ ಜಾಗಕ್ಕೆ ಅಳತೆ ಮಾಡಿಸಿದ ಹಾಗೆ ಕೂತಿತು. ಈಗ ಮನೆಗೆ ಯಾರೇ ಬರಲಿ, ಅವಳು ಅವರನ್ನು ಕರೆದು ನಿಲ್ಲಿಸಿಕೊಂಡು ತೋರಿಸುತ್ತಾಳೆ.

"ಅವತ್ತು ಎಲ್ಲರಿಗಿಂತ ಮೊದಲು ದಡ ಮುಟ್ಟಿದ್ದು ನಮ್ಮವರೇ ಗೊತ್ತಾ!"

"ಹೌದಾ! ಯಾರು, ಈ ಕಪ್ ಹಿಡ್ಕೊಂಡಿರೋರಾ?"

"ಅಲ್ಲ ಅಲ್ಲ. ಚಹಾ ಹಾಕ್ತಿದ್ದಾರಲ್ಲ, ಅವರು."