ಮೂರು ಬಾಯಿಯ ಪೆಟ್ಟಿಗೆ

“ಕಣ್ಣು ಕಟ್ಟಿಬಿಡಿ, ಬೆರಳ ಗೆಣ್ಣಲ್ಲಿ ಒಂದೇ ಸಲ ತಟ್ಟಿ ಪ್ಲೈವುಡ್ಡಿನ ಜಾತಕ ಹೇಳ್ತೀನಿ! ಇಂಥ ಕಿವಿಗೆ ಅಂಗಡಿ ಸ್ಪೀಕರ್ರೇ? ನಾನೇ ಮಾಡ್ತೀನಿ!”

ಹೀಗೆಂದು ಗುಡುಗಿದ ಪ್ಲೈವುಡ್ ಅಂಗಡಿ ಯಜಮಾನರು ಮೂರು ತಿಂಗಳು ಬೆವರು ಸುರಿಸಿ, ಹಾಲ್‌ನಲ್ಲಿ ಎದೆಮಟ್ಟದ ಎರಡು ಪೆಟ್ಟಿಗೆ ನಿಲ್ಲಿಸಿದರು. ಒಂದೊಂದಕ್ಕೂ ಮೂರು ಬಾಯಿ: ದಪ್ಪ ದನಿಗೆ ತಟ್ಟೆಯಗಲದ್ದು, ನಡುವಿನ ದನಿಗೆ ಬಟ್ಟಲಿನಗಲದ್ದು, ಕೀಚಲು ದನಿಗೆ ನಾಣ್ಯದಗಲದ್ದು. ‘ತ್ರೀ ವೇ’ ಅಂತ ಅದಕ್ಕೆ ಬಿರುದು. ಒಂದು ತಿರುಪು ಬಿಗಿದರೆ ಒಂದು ಸಲ ಹಾಡು ಹಾಕಿ ನೋಡುವುದು. ಅದೂ ಒಂದೇ ಹಾಡು, ಪಕ್ಕವಾದ್ಯವಿಲ್ಲದೆ ಹೆಣ್ಣೊಬ್ಬಳು ಹಾಡಿದ ಜೋಗುಳ. “ಬರೀ ಗಂಟಲು! ಸ್ಪೀಕರ್ರಿನ ಸತ್ಯಪರೀಕ್ಷೆ ಆಗೋದೇ ಇದರಲ್ಲಿ.”

ಪೆಟ್ಟಿಗೆಗಳಿಗೆ ಜಾಗ ಬೇಕಲ್ಲ? ಕಿಟಕಿ ಪಕ್ಕದ ಬೆಳಕಿನ ಮೂಲೆಯಲ್ಲಿದ್ದ ಹೆಂಡತಿಯ ಹೊಲಿಗೆ ಮಷೀನು ಅಡುಗೆಮನೆಯ ಓಣಿಗೆ ಗಡೀಪಾರಾಯಿತು. ಅಲ್ಲಿ ಕಣ್ಣಿಗೆ ಬೆರಳಿಟ್ಟರೂ ಕಾಣದು.

“ರೀ, ಇವತ್ತು ಶಾಲೆಯ ಅಂಗಿಯೊಂದಕ್ಕೆ ಎರಡೂ ಎಡತೋಳೇ ಹೊಲಿದಿದ್ದೀನಿ! ಇನ್ನೊಂದು ಹೀಗಾದ್ರೆ ಶಾಲೆಯವರು ಬೇರೆ ಟೈಲರ್ ನೋಡ್ಕೋತಾರಂತೆ. ನನ್ನ ಮೂಲೆ ನನಗೆ ಕೊಡಿ.”

“ದೀಪ ಹಾಕ್ಕೊಳ್ಳೇ. ಬಟ್ಟೆಗೆ ದೀಪ ಸಾಕು, ದನಿಗೆ ಜಾಗ ಬೇಕು!”

ಅಕ್ಕನ ಪಾಡು ನೋಡಲಾರದೆ ಹೆಂಡತಿಯ ತಮ್ಮ ಒಂದು ಭಾನುವಾರ ಬೆಳಿಗ್ಗೆ ಅಂಗೈಯಗಲದ ಎರಡು ಸ್ಪೀಕರ್, ಜೊತೆಗೊಂದು ಸಬ್‌ವೂಫರ್ ಹೊತ್ತು ತಂದ.

“ಭಾವ, ಪುಟಾಣಿಗಳು ಗೋಡೆ ಮೇಲೆ, ದಪ್ಪ ದನಿಯ ಡಬ್ಬಿ ಸೋಫಾ ಹಿಂದೆ. ಅಕ್ಕನ ಮೂಲೆ ಅಕ್ಕನಿಗೆ.”

“ಆನೆ ಎದುರು ಇಲಿಮರಿ ತಂದಿದ್ದೀಯಲ್ಲೋ!”

“ಆನೆ ಯಾವುದು, ಇಲಿ ಯಾವುದು, ಕಣ್ಣು ಕಟ್ಕೊಂಡು ಹೇಳಿ ನೋಡೋಣ,” ಎಂದಳು ಹೆಂಡತಿ.

“ಕಟ್ಟು! ನಾನು ಮೆಚ್ಚಿದ್ದಕ್ಕೇ ಆ ಮೂಲೆ. ವ್ಯಾಪಾರಿ ಮಾತು, ಒಂದೇ ಮಾತು!”

ಹಾಡಿಗೆ ಅಡ್ಡ ಬರಬಾರದೆಂದು ಫ್ಯಾನು ಆರಿಸಿದರು. ಅಂಗಿಬಟ್ಟೆಯ ತುಂಡೊಂದು ಯಜಮಾನರ ಕಣ್ಣು ಮುಚ್ಚಿತು.

ಮೊದಲನೆಯದು ಹಾಡಿತು. “ಗಂಟಲಿದೆ, ಮೈಯಿಲ್ಲ.” ಎರಡನೆಯದು ಹಾಡಿತು. “ಮೈಯಿದೆ, ಮೂಗು ಕಟ್ಟಿದೆ!” ಮೂಗು ಕಟ್ಟಿದ್ದು ಆನೆಗೇ ಎಂದು ಹೇಳುವ ಧೈರ್ಯ ಭಾಮೈದನಿಗೆ ಬರಲಿಲ್ಲ.

“ಎಲ್ಲಿ, ಇನ್ನೊಂದು ಸಲ ಹಾಕು!”

ತಂತಿ ಬದಲಿಸಿ ಬಟನ್ ಒತ್ತಿದ. ಅದೇ ಹೊತ್ತಿಗೆ ಕರೆಂಟು ಹೋಯಿತು! ಆನೆಯೂ ಮೂಕ, ಇಲಿಯೂ ಮೂಕ. ಹಾಡುಹಗಲು, ನಿಂತ ಫ್ಯಾನು, ಕಟ್ಟಿದ ಕಣ್ಣು. ಯಜಮಾನರಿಗೆ ಗೊತ್ತಾಗುವುದಾದರೂ ಹೇಗೆ?

“ಹಾಕೋ ಮಾರಾಯ!”

ಭಾಮೈದ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತುಟಿಗೆ ಬೆರಳಿಟ್ಟು ತಡೆದಳು. ಕೊರಳಿನ ಅಳತೆ ಟೇಪು ತೆಗೆದಿಟ್ಟಳು. ಗಂಡನೆದುರು ನಿಂತು ಅದೇ ಜೋಗುಳವನ್ನು ತಾನೇ ಹಾಡಿದಳು.

ಯಜಮಾನರ ಬೆನ್ನು ನೆಟ್ಟಗಾಯಿತು. ಮುಂಗೈ ರೋಮ ನಿಮಿರಿತು. ಅಂಗಡಿಯಲ್ಲಿ ಬಾಯಿಗೆ ಬೀಗವಿಲ್ಲದ ಮನುಷ್ಯ, ಉಸಿರು ಬಿಟ್ಟರೆ ಹಾಡೆಲ್ಲಿ ಮುಕ್ಕಾದೀತೋ ಎಂಬಂತೆ ಕೂತುಬಿಟ್ಟರು. ಕೊನೆಯ ಸ್ವರ ಯಾವಾಗ ಮುಗಿಯಿತು, ಮೌನ ಯಾವಾಗ ಶುರುವಾಯಿತು ಎಂಬುದೇ ತಿಳಿಯಲಿಲ್ಲ.

“ಇದೇ!” ಯಜಮಾನರು ತೊಡೆ ತಟ್ಟಿದರು. “ಉಸಿರು ಎಳ್ಕೊಂಡಿದ್ದೂ ಕೇಳಿಸ್ತು ಕಣೋ! ಹಾಡೋಳು ಇಲ್ಲೇ, ಒಂದು ಮಾರು ದೂರದಲ್ಲಿ ನಿಂತ ಹಾಗಿದೆ! ದುಡ್ಡು ಸುರಿದರೂ ಇಂಥದ್ದು ಸಿಗತ್ತಾ? ನನ್ನ ಪೆಟ್ಟಿಗೇನೇ ಇದು! ಮೂಲೆ ಇದಕ್ಕೇ!”

ಬಟ್ಟೆ ಬಿಚ್ಚಿದರು. ಒಂದು ಮಾರು ದೂರದಲ್ಲಿ ಹೆಂಡತಿ.

“ಕರೆಂಟಿಲ್ಲ ಭಾವ,” ಎಂದ ಭಾಮೈದ, ನೆಲ ನೋಡುತ್ತ.

“ನೀನಾ? ಈ ಹಾಡು ನಿನಗೆ…”

“ಮೂರು ತಿಂಗಳು ಕೇಳಿಸಿದ್ರೆ ಕಲ್ಲೂ ಹಾಡತ್ತೆ. ಹಿಡೀರಿ ಮಷೀನು ಆ ಕಡೆಯಿಂದ.”

ಹಿಡಿದರು. ಮಷೀನು ಬೆಳಕಿಗೆ ಬಂತು, ಆನೆಗಳು ಓಣಿ ಸೇರಿದವು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದರೆ, ಯಜಮಾನರು ಹೊಸಬಳನ್ನು ಕಂಡವರಂತೆ ನೋಡುತ್ತಲೇ ನಿಂತಿದ್ದರು.

“ಅಲ್ಲ ಕಣೇ, ಇಂಥ ಕಂಠ ಇದೆ ಅಂತ ಒಂದು ದಿನವಾದ್ರೂ ಹೇಳಬಾರದಿತ್ತಾ?”

“ಹೇಳೋಕೆ ಬಾಯಿ ತೆಗೆದಾಗಲೆಲ್ಲ ನೀವು ವಾಲ್ಯೂಮ್ ಏರಿಸ್ತಿದ್ರಲ್ಲ!”