ನನ್ನ ಹೊಟ್ಟ್ಯಾಗಿನ ಆಳುಗಳು

ನಮ್ಮ ಚಿಗವ್ವನ ಬಾಯಾಗ ಬಿದ್ದ ಸುದ್ದಿಗೆ ಡಂಗುರ ಬ್ಯಾಡ್ರಿ. ನನ್ನ ಲಿವರಿಗೆ ಕೊಬ್ಬು ಏರೇತಿ ಅಂತ ನನ್ನ ಹೇಣ್ತಿಗಿಂತ ಮೊದಲ ಯರಗುಪ್ಪಿ ಬಸ್ಸಿನ ಕಂಡಕ್ಟರಗ ಗೊತ್ತಾಗಿತ್ತು ಅಂದ್ರ ತಿಳೀರಿ!

ಆಕಿ ಗಂಡ, ನಮ್ಮ ಕಾಕಾ, ಲಿವರ್ ಕೆಟ್ಟ ಸತ್ತಿದ್ದ. ಅದಕ್ಕ ಚಿಗವ್ವ ನನ್ನ ಒಬ್ಬನ್ನ ಬಿಡದ ಹುಬ್ಬಳ್ಳಿ ಡಾಕ್ಟರ್ ಕಡೆ ಜೋಡಿ ಬಂದ್ಲು. ರಿಪೋರ್ಟ್ ನೋಡಿ ಡಾಕ್ಟರ್ ಅಂದ್ರು, "ಮಾಸ್ತರ, ಇದು ಫ್ಯಾಟಿ ಲಿವರ್. ಲಿವರ್ ಮಾಡೋ ಪಿತ್ತರಸ ಕರುಳಿಗೆ ಇಳೀತದ. ಅಲ್ಲಿರೋ ಕೋಟ್ಯಂತರ ಜೀವಾಣು ಅದರ ಗುಣಾ ಬದಲ ಮಾಡ್ತಾವ. ಅದು ತಿರುಗಿ ಲಿವರಿಗೆ ಹೋಗಿ, ಕೊಬ್ಬು ಕರಗಸು ಇಲ್ಲಾ ಕೂಡಿಸು ಅಂತ ಸುದ್ದಿ ಮುಟ್ಟಸ್ತದ. ನೀವು ಏನ ತಿಂತೀರಿ, ಅದರ ಮ್ಯಾಲೆ ಆ ಜೀವಾಣು ಚಲೋ ಇರ್ತಾವ, ಇಲ್ಲಾ ಕೆಡ್ತಾವ."

"ಅಂದ್ರ ಹೊಟ್ಟ್ಯಾಗ ಆಳು ದುಡೀತಾವನ್ರಿ?" ಅಂದ್ಲು ಚಿಗವ್ವ.

"ಹಂಗ ತಿಳೀರಿ ಯವ್ವಾ. ಕುಡಿಯದವರಿಗೂ ಈ ರೋಗ ಬರ್ತದ."

"ಇನ್ನೊಮ್ಮೆ ಹೇಳ್ರಿ."

ಮೂರು ಸಲ ಹೇಳಿಸಿದ್ಲು. ಆಕಿ ಕಿವಿ ಮಂದ ಆಗ್ಯಾವ ಅಂತ ತಿಳದು ನಾ ತೆಲಿ ತಗ್ಗಿಸಿ ಕುಂತೆ.

ಮರುದಿನದಿಂದ ಯರಗುಪ್ಪಿಯಿಂದ ನಾ ಇರೋ ಕುಂದಗೋಳಕ್ಕ ಬಸ್ಸಿನ್ಯಾಗ ಚಿಗವ್ವನ ಬುತ್ತಿ ಬರಾಕ ಹತ್ತಿತು. ನಮ್ಮ ಹೊಲದಾಗ ಆಳುಗಳು ಉಣ್ಣೋತನಕ ಮನಿ ಮಂದಿ ತುತ್ತು ಎತ್ತಂಗಿಲ್ಲ. ಅದ ಪದ್ಧತಿ ನನ್ನ ಹೊಟ್ಟಿಗೂ ಬಂತು. ಮೊದಲ ಆಳಿಗೆ ಹಕ್ಕರಕಿ ಸೊಪ್ಪು, ಮೊಳಕಿ ಹೆಸರಕಾಳು, ಜ್ವಾಳದ ರೊಟ್ಟಿ. ಅವೆಲ್ಲಾ ಮುಗಿದ ಮ್ಯಾಲೆ ಹಸಿವು ಉಳಿದ್ರ ಧಣಿಗೆ, ಅಂದ್ರ ನನಗ, ಎರಡು ತುತ್ತು ಅನ್ನ. ಒಂದಿನ ಚಿಗವ್ವ ಭಜಿ ಅಂಗಡ್ಯಾಗ ನನ್ನ ಹಿಡದ ಬಿಟ್ಲು.

"ಪ್ಲೇಟ್ ಕೆಳಗ ಇಡಲೇ. ದುಡಿಯೋ ಮಂದಿಗೆ ಮಿರ್ಚಿ ಹಾಕಿ ಕೆಲಸ ಕೆಡಸ್ತಿಯೇನು?" ಅಂದಾಕಿ ಭಜಿಯವನ ಕಡೆ ತಿರುಗಿದ್ಲು. "ಇವಗ ಲಿವರ್ ರೋಗ ಐತಪಾ. ಒಂದ ಹನಿ ಕುಡಿಯಂಗಿಲ್ಲ, ಆದ್ರೂ ಬಂದೈತಿ. ಡಾಕ್ಟರ ಹೇಳ್ಯಾರ."

ಇದನ್ನ ಕಂಡಕ್ಟರಗ ಹೇಳಿದ್ಲು, ಗಿರಣಿಯವಗ ಹೇಳಿದ್ಲು. ಸಾಲ್ಯಾಗ ಹೆಡ್ಮಾಸ್ತರು, "ನಿಮ್ಮ ಆಳು ಉಂಡ್ವೇನ್ರಿ?" ಅಂತ ಕೇಳಾಕ ಹತ್ತಿದ್ರು.

"ನನ್ನ ಮರ್ಯಾದಿ ತಗೀಬ್ಯಾಡಬೇ ಚಿಗವ್ವ" ಅಂದೆ.

"ನಿಂದು ಎಲ್ಲಿ ಹೋಗತೈತೆಲೇ" ಅಂದು ರೊಟ್ಟಿ ಬಡಿಯಾಕ ಕುಂತ್ಲು.

ಆರು ತಿಂಗಳ ಮ್ಯಾಲೆ ನೋಡಿದ್ರ ಕೊಬ್ಬು ಅಗದಿ ಕಡಿಮಿ ಆಗಿತ್ತು. "ಆಳು ಚಲೋ ದುಡದಾವ" ಅಂತ ಡಾಕ್ಟರ್ ನಕ್ಕರು.

ಚಿಗವ್ವ ನಗಲಿಲ್ಲ. "ಆ ಮಾತು ಚೀಟ್ಯಾಗ ಬರದ ಕೊಡ್ರಿ. ಕುಡಿಯದವರಿಗೂ ಬರತೈತಿ ಅಂತ."

"ಮಾಸ್ತರ ಆರಾಮ ಆದ್ರಲ್ಲ ಯವ್ವಾ, ಇನ್ಯಾಕ?"

"ಇವಗಲ್ರಿ. ಇವನ ಕಾಕಾಗ."

ಅವತ್ತ ಮೂರು ಸಲ ಯಾಕ ಹೇಳಿಸಿದ್ಲು ಅಂತ ನನಗ ಆಗ ತಿಳೀತು. ಕಾಕಾ ಸತ್ತಾಗ ಊರೆಲ್ಲಾ, ಕದ್ದು ಕುಡೀತಿದ್ದ ಅಂದಿತ್ತು. ಸೆರೆ ವಾಸನಿ ಬಂದ್ರ ದಾರಿ ಬಿಟ್ಟು ಹೋಗೋ ಮನಿಷ್ಯಾ ಆತ. ಆದ್ರೂ ನಾನೂ ಊರ ಮಾತು ಒಳಗೊಳಗ ನಂಬಿದ್ದೆ.

ಡಾಕ್ಟರ್ ಚೀಟಿ ಬರದು ಸಹಿ ಹಾಕಿ ಕೊಟ್ಟರು. ಓದಾಕ ಬರದ ಚಿಗವ್ವ ಅದನ್ನ ಮಡಚಿ ಎಲಿಯಡಿಕಿ ಚೀಲದಾಗ ಇಟ್ಟುಕೊಂಡ್ಲು.

ನನ್ನ ಜೀವಾ ಉಳಿಸಿದ ಪುಣ್ಯಾತಗಿತ್ತಿಗೆ ನಾ ಏನ ಕೊಡಾಕ ಆಗತೈತಿ? ಈಗ ಬಸ್ ಹತ್ತಿದ ಕೂಡ್ಲೆ, ಕಂಡಕ್ಟರ್ ಕೇಳೂಕಿಂತ ಮೊದಲ, ಮಂದಿಗೆಲ್ಲಾ ಕೇಳೂ ಹಂಗ ನಾನ ಹೇಳ್ತೀನಿ, "ಫ್ಯಾಟಿ ಲಿವರ್ ಆಗಿತ್ರಿ. ನಾನೂ ಕುಡಿಯಂಗಿಲ್ಲ, ನಮ್ಮ ಕಾಕಾನೂ ಕುಡೀತಿದ್ದಿಲ್ಲ."